ಅಜ್ಜಿ-ತಾತ, ಮಕ್ಕಳ ಜೊತೆ ಕುಂಬಳದ ಹೊಲಕ್ಕೆ ಹೋಗುವುದು ಹೇಗೆ?

ಅಕ್ಟೋಬರ್ ಹೊತ್ತಿಗೆ ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಎರಡು ಬಗೆಯ ಕುಂಬಳಕಾಯಿ ಕಾಣಿಸುತ್ತದೆ. ಒಂದು, ಆಯುಧಪೂಜೆಯ ದಿನ ಕಾರಿನ ಮುಂದೆ ಒಡೆಯಲು ಇಂಡಿಯನ್ ಅಂಗಡಿಯಿಂದ ತಂದ ಬೂದುಗುಂಬಳ. ಇನ್ನೊಂದು, ಮನೆ ಬಾಗಿಲಲ್ಲಿ ಕೂರಿಸಿದ ಕೇಸರಿ ಬಣ್ಣದ ದಪ್ಪ ಕುಂಬಳ. ಕೇಸರಿ ಕುಂಬಳ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಆದರೆ ಮಕ್ಕಳಿರುವ ಮನೆಯವರು ಅದಕ್ಕಾಗಿ ಹೊಲಕ್ಕೇ ಹೋಗುತ್ತಾರೆ. ಇಲ್ಲಿ ಅದಕ್ಕೆ 'ಪಂಪ್ಕಿನ್ ಪ್ಯಾಚ್' ಎನ್ನುತ್ತಾರೆ. ಕಾಯಿ ಆರಿಸುವುದರ ಜೊತೆಗೆ ಟ್ರ್ಯಾಕ್ಟರ್ ಸವಾರಿ, ಜೋಳದ ಗಿಡಗಳ ನಡುವೆ ದಾರಿ ಹುಡುಕುವ ಆಟ, ಆಡು-ಕುರಿಗೆ ಮೇವು ತಿನ್ನಿಸುವುದು, ಎಲ್ಲ ಇರುತ್ತದೆ.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಚನ್ನರಾಯಪಟ್ಟಣದಿಂದ ಅತ್ತೆ-ಮಾವ ಬಂದಿದ್ದ ವರ್ಷ ಮೊದಲ ಸಲ ಎಲ್ಲರೂ ಕೂಡಿ ಹೊರಟೆವು. ಏನೂ ವಿಚಾರಿಸಿರಲಿಲ್ಲ. ಶನಿವಾರ, ಊಟ ಮುಗಿಸಿ ಮಧ್ಯಾಹ್ನ ಒಂದು ಗಂಟೆಗೆ ಕಾರು ಹತ್ತಿದೆವು. ರಸ್ತೆಯಲ್ಲೇ ಎರಡು ಗಂಟೆ ಕಳೆಯಿತು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆಹೋದಳು. ಅತ್ತೆಗೆ ಬಾತ್‌ರೂಮಿಗೆ ಹೋಗಬೇಕಿತ್ತು, ಬಾಯಿಬಿಟ್ಟು ಹೇಳಲು ಸಂಕೋಚ. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಮುಂದಿನ ವಾರ ಸರಿಯಾಗಿ ಯೋಚಿಸಿ ಮತ್ತೆ ಹೋದೆವು. ಮನೆಯ ಅತಿ ಚಿಕ್ಕವರು ಮತ್ತು ಅತಿ ಹಿರಿಯರ ನಡಿಗೆಗೆ ಸರಿಯಾಗಿ ದಿನ ಹೊಂದಿಸಿಕೊಂಡೆವು. ನಡುವಿನವರು ಹೇಗೋ ಸುಧಾರಿಸಿಕೊಳ್ಳುತ್ತೇವೆ, ಅಲ್ವಾ?

ಮೊದಲು ದಿನ, ಹೊತ್ತು ಗೊತ್ತುಮಾಡಿ

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 31ರ ಹ್ಯಾಲೋವೀನ್ (ಕುಂಬಳಕ್ಕೆ ಮುಖ ಕೊರೆದು ಒಳಗೆ ದೀಪ ಇಡುವ ಹಬ್ಬ) ತನಕ ಈ ಹೊಲಗಳಲ್ಲಿ ಸುಗ್ಗಿ. ಅಕ್ಟೋಬರಿನ ಮೊದಲ ಎರಡು ವಾರ ಒಳ್ಳೆಯದು. ಕಾಯಿ ಬೇಕಾದಷ್ಟಿರುತ್ತವೆ, ಜನ ಕಡಿಮೆ. ವಾರದ ದಿನ ಸ್ಕೂಲ್ ಬಿಟ್ಟ ಮೇಲೆ ಹೋಗಲು ಆದರೆ ಅದಕ್ಕಿಂತ ಹಿತ ಇನ್ನಿಲ್ಲ. ಶನಿವಾರ, ಭಾನುವಾರವೇ ಆಗಬೇಕೆಂದರೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಿ.

ಬೇ ಏರಿಯಾದವರು ಹೆಚ್ಚಾಗಿ ಹೋಗುವುದು ಹಾಫ್ ಮೂನ್ ಬೇಗೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಸಮುದ್ರದ ಪಕ್ಕದಲ್ಲಿರುವ ಸಣ್ಣ ಊರು. ಸ್ಯಾನ್ ಮಟೇಯೊ ಕಡೆಯಿಂದ 92ನೇ ಹೆದ್ದಾರಿ ಬೆಟ್ಟ ಹತ್ತಿ ಇಳಿದು ಅಲ್ಲಿಗೆ ಹೋಗುತ್ತದೆ. ಇಳಿಯುವ ಕಡೆ ರಸ್ತೆಯ ಪಕ್ಕದಲ್ಲೇ ಕುಂಬಳದ ಹೊಲಗಳಿವೆ. ರಸ್ತೆ ಕಿರಿದು. ಹಾಗಾಗಿ ಅಕ್ಟೋಬರಿನ ವಾರಾಂತ್ಯಗಳಲ್ಲಿ ಬೆಳಿಗ್ಗೆ ಬೇಗ ಬೆಟ್ಟ ದಾಟಿಬಿಡಬೇಕು.

ಅಕ್ಟೋಬರ್ ನಡುವಿನ ಒಂದು ಶನಿವಾರ-ಭಾನುವಾರ ಈ ಊರಿನ ಮುಖ್ಯ ಬೀದಿಯಲ್ಲಿ ಕುಂಬಳಕಾಯಿ ಜಾತ್ರೆ. 1971ರಿಂದ ನಡೆದು ಬಂದಿದೆ. ಜಾತ್ರೆಗೆ ಮೊದಲು ಒಂದು ಸೋಮವಾರ ದೈತ್ಯ ಕುಂಬಳಗಳನ್ನು ತೂಗುವ ಸ್ಪರ್ಧೆ ಇರುತ್ತದೆ. 2023ರಲ್ಲಿ ಮಿನ್ನೆಸೋಟದ ಬೆಳೆಗಾರ ಟ್ರಾವಿಸ್ ಗೀಂಗರ್ ತಂದ ಕಾಯಿ 1,247 ಕೆ.ಜಿ. ತೂಗಿತು. ಆಗ ಅದು ವಿಶ್ವದಾಖಲೆ. ಹೆಚ್ಚುಕಡಿಮೆ ಎರಡು ಮಾರುತಿ 800 ಕಾರಿನಷ್ಟು ಭಾರ! ಇಂಥ ಕಾಯಿಯನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದಿದ್ದರೆ ಜಾತ್ರೆಗೇ ಹೋಗಿ. ಆ ದಿನ ಹೊಲದ ಆಸೆ ಇಟ್ಟುಕೊಳ್ಳಬೇಡಿ. ಎರಡೂ ಒಂದೇ ದಿನ ಆಗುವ ಮಾತಲ್ಲ.

ಎಂಥ ಹೊಲ ಎಂದು ವಿಚಾರಿಸಿಕೊಳ್ಳಿ

ಬಳ್ಳಿಯಲ್ಲಿರುವ ಕಾಯಿಯನ್ನೇ ಆರಿಸಲು ಬಿಡುವ ಹೊಲಗಳಿವೆ. ಬೇರೆ ಕಡೆ ಕಿತ್ತು ತಂದ ಕಾಯಿಗಳನ್ನು ಹುಲ್ಲಿನ ಮೇಲೆ ಜೋಡಿಸಿಟ್ಟು, ಪಕ್ಕದಲ್ಲಿ ಪುಟ್ಟ ರೈಲು, ಜಾರುಬಂಡೆ ಇಟ್ಟಿರುವ ಜಾಗಗಳೂ ಇವೆ. ಎರಡಕ್ಕೂ ಹೆಸರು ಒಂದೇ. ನಾವು ಹೋದಾಗ ಮಾವ ಹತ್ತು ಹೆಜ್ಜೆ ಹಾಕಿದವರೇ ನಿಂತುಬಿಟ್ಟರು. ಬಗ್ಗಿ ಒಂದು ಕಾಯಿ ಹೊರಳಿಸಿದರು. "ನೋಡಮ್ಮ, ಕೆಳಗೆ ಮಣ್ಣಿನ ಕಲೆಯೇ ಇಲ್ಲ. ಇದು ಇಲ್ಲಿ ಬೆಳೆದದ್ದಲ್ಲ" ಎಂದರು. ಬೆಳೆದ ಜಾಗದಲ್ಲೇ ಇರುವ ಕಾಯಿಗೆ ನೆಲಕ್ಕೆ ತಾಗಿದ ಕಡೆ ಮಾಸಲು ಹಳದಿ ಮಚ್ಚೆ ಇರುತ್ತದೆ, ಪಕ್ಕದಲ್ಲಿ ಒಣಗಿದ ಬಳ್ಳಿ ಇರುತ್ತದೆ. ಮೂರು ವರ್ಷದ ಮಗುವಿಗೆ ಜೋಡಿಸಿಟ್ಟ ಜಾಗವೇ ಸಲೀಸು. ಆದರೆ ಹೊಲ ಉತ್ತು ಬೆಳೆದ ತಾತ ಜೊತೆಗಿದ್ದರೆ ಬಳ್ಳಿ ಇರುವ ಹೊಲ ಹುಡುಕಿ. ಅವರಿಗೆ ಮೊಮ್ಮಕ್ಕಳ ಮುಂದೆ ಹೇಳಲು ಎಷ್ಟೋ ಇರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅದಕ್ಕೆ ಜಾಗವೇ ಸಿಗುವುದಿಲ್ಲ.

ಹೊರಡುವ ಮುಂಚೆ ಇಷ್ಟು ತಿಳಿದುಕೊಳ್ಳಿ. ಒಳಗೆ ಹೋಗಲು ಟಿಕೆಟ್ ಇದೆಯೇ, ಅಥವಾ ಒಂದೊಂದು ಆಟಕ್ಕೂ ಬೇರೆ ದುಡ್ಡೇ? ಕಾಯಿಗೆ ಬೆಲೆ ತೂಕದ ಮೇಲೋ, ಗಾತ್ರದ ಮೇಲೋ? ಬಾತ್‌ರೂಮ್ ಪಾರ್ಕಿಂಗಿನಿಂದ ಎಷ್ಟು ದೂರ? ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹೋಗುವಷ್ಟು ನೆಲ ಗಟ್ಟಿಯಿದೆಯೇ? ವಾರಾಂತ್ಯಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಹೊತ್ತು ಕಾದಿರಿಸಬೇಕಾದ ಹೊಲಗಳೂ ಇವೆ.

ಸೇಬು ಕೀಳುವ ಆಸೆಯಿದ್ದವರು ಸ್ಯಾಕ್ರಮೆಂಟೊ ದಾಟಿ ಆ್ಯಪಲ್ ಹಿಲ್ ಕಡೆ ಹೋಗುತ್ತಾರೆ. ಅಲ್ಲಿನ ಎಲ್ಲ ತೋಟಗಳಲ್ಲೂ ಕೀಳಲು ಬಿಡುವುದಿಲ್ಲ, ಕೇಳಿಕೊಂಡೇ ಹೋಗಿ. ಹಣ್ಣನ್ನು ಎಳೆಯಬೇಡಿ. ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುವಿದರೆ ತಾನೇ ಕೈಗೆ ಬರುತ್ತದೆ.

ಉಡುಪು ಮತ್ತು ಬುತ್ತಿ

ಕರಾವಳಿ ಕಡೆಯ ಹೊಲಗಳಲ್ಲಿ ಬೆಳಿಗ್ಗೆ ಮಂಜು, ಚಳಿಗಾಳಿ. ಮಧ್ಯಾಹ್ನ ಬಿಸಿಲು. ಒಂದರ ಮೇಲೊಂದು ಹಾಕಿ ತೆಗೆಯುವಂಥ ಬಟ್ಟೆ ಇರಲಿ. ಒಳನಾಡಿನ ಹೊಲಗಳಲ್ಲಿ ಅಕ್ಟೋಬರಿನಲ್ಲೂ ಸೆಖೆ ಇರಬಹುದು, ಟೋಪಿ ಮರೆಯಬೇಡಿ. ಎಲ್ಲರಿಗೂ ಮುಚ್ಚಿದ ಶೂ ಬೇಕು. ಒಣಹುಲ್ಲು ಚಪ್ಪಲಿಯೊಳಗೆ ನುಗ್ಗಿ ಚುಚ್ಚುತ್ತದೆ. ಅತ್ತೆ ಸೀರೆಯ ಕೆಳಗೆ ಶೂ ಹಾಕಲು ಮೊದಲು ಒಪ್ಪಲಿಲ್ಲ. ಉತ್ತ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟ ಮೇಲೆ "ಹಾಕಿಸಿದ್ದು ಒಳ್ಳೆಯದಾಯಿತು" ಎಂದರು. ಯಾರಿಗಾದರೂ ಉಬ್ಬಸವಿದ್ದರೆ ಇನ್‌ಹೇಲರ್ ಕಾರಿನಲ್ಲಿ ಬೇಡ, ಜೇಬಿನಲ್ಲೇ ಇರಲಿ. ಹುಲ್ಲಿನ ಧೂಳು ಜಾಸ್ತಿ.

ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುತ್ತೇವೆ. ಹೊರಗಿನ ತಿಂಡಿ ಒಳಗೆ ಬಿಡದ ಹೊಲವಾದರೆ ಕಾರಿನ ಹತ್ತಿರವೇ ತಿಂದು ಒಳಗೆ ಹೋಗುವುದು. ಅಲ್ಲಿ ಮಾರುವ ಬಿಸಿ ಬಿಸಿ ಸೈಡರ್ ಡೋನಟ್ ಘಮ್ ಎನ್ನುತ್ತದೆ. ಮೊಟ್ಟೆ ತಿನ್ನದವರು ಮೊದಲು ಕೇಳಿಕೊಂಡು ಕೊಳ್ಳಿ.

ಸೈಡರ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಅಮೆರಿಕದಲ್ಲಿ ಬರೀ 'ಸೈಡರ್' ಎಂದರೆ ಸೋಸದ ಸೇಬಿನ ರಸ, ಮಕ್ಕಳೂ ಕುಡಿಯಬಹುದು. 'ಹಾರ್ಡ್ ಸೈಡರ್' ಎಂದರೆ ಮದ್ಯ. ಇನ್ನು, ಪಾಶ್ಚರೀಕರಿಸದ ರಸದ ಬಾಟಲಿ ಮೇಲೆ ಎಚ್ಚರಿಕೆಯ ಚೀಟಿ ಇರುತ್ತದೆ. ಅದರಲ್ಲಿ ರೋಗಾಣು ಇರುವ ಸಂಭವವಿದೆ. ಗ್ಲಾಸಿಗೆ ಹಾಕಿ ಕೊಡುವ ಕಡೆ ಚೀಟಿ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಿ. ಪುಟ್ಟ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಅಂಥದ್ದನ್ನು ಕುಡಿಯಬಾರದು. ಮಕ್ಕಳ ಕೈಯಲ್ಲಿನ ಸಿಹಿಗೆ ಹಳದಿ ಕಣಜಗಳೂ ಮುತ್ತುತ್ತವೆ, ಗ್ಲಾಸಿನೊಳಗೆ ನೋಡಿಯೇ ಕುಡಿಸಿ.

ಹೊಲದೊಳಗೆ

ಮೊದಲು ಟ್ರ್ಯಾಕ್ಟರ್ ಸವಾರಿ ಮುಗಿಸಿ, ಹೊತ್ತೇರಿದಂತೆ ಸಾಲು ಬೆಳೆಯುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ಒಣಹುಲ್ಲಿನ ಕಟ್ಟುಗಳೇ ಆಸನ. ಹಿರಿಯರನ್ನು ಮೆಟ್ಟಿಲ ಹತ್ತಿರ, ಮಕ್ಕಳನ್ನು ನಡುವೆ ಕೂರಿಸಿ. ಗಾಡಿ ಪೂರ್ತಿ ನಿಲ್ಲುವವರೆಗೂ ಯಾರೂ ಏಳಬಾರದು.

ಆಮೇಲೆ ಜೋಳದ ಹೊಲ. ಇದಕ್ಕೆ 'ಕಾರ್ನ್ ಮೇಜ್' ಎನ್ನುತ್ತಾರೆ. ಆಳೆತ್ತರ ಮೀರಿದ ಮುಸುಕಿನ ಜೋಳದ ನಡುವೆ ದಾರಿ ಕತ್ತರಿಸಿ ಚಕ್ರವ್ಯೂಹ ಮಾಡಿರುತ್ತಾರೆ. ಈಗಿನ ರೂಪದ ಮೊದಲನೆಯದು 1993ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಯಿತು. ನಮ್ಮ ಕಡೆ ಡಿಕ್ಸನ್ ಊರಿನ ಕೂಲ್ ಪ್ಯಾಚ್ ಪಂಪ್ಕಿನ್ಸ್ ಹೊಲದ್ದು 2014ರಲ್ಲಿ ಗಿನ್ನೆಸ್ ದಾಖಲೆ ಬರೆಯಿತು, 60 ಎಕರೆ! ಅಷ್ಟು ದೊಡ್ಡದಕ್ಕೆ ಚಿಕ್ಕ ಮಕ್ಕಳೊಂದಿಗೆ ಹೋಗಬೇಡಿ. ಹೆಚ್ಚಿನ ಹೊಲಗಳಲ್ಲಿ ಪುಟ್ಟ ಮಕ್ಕಳಿಗೆಂದೇ ಸಣ್ಣದೊಂದು ಇರುತ್ತದೆ.

ಒಳಗೆ ಹೋಗುವ ಮುಂಚೆ ಎಲ್ಲರೂ ಬಾತ್‌ರೂಮಿಗೆ ಹೋಗಿ ಬನ್ನಿ. ಬಾಗಿಲಲ್ಲಿರುವ ನಕ್ಷೆಯ ಫೋಟೊ ತೆಗೆದುಕೊಳ್ಳಿ. ಮಗುವಿನ ತೋಳಿನ ಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ. ಕೆಂಪೋ ಹಳದಿಯೋ ಎದ್ದು ಕಾಣುವ ಅಂಗಿ ಹಾಕಿಸಿ. ದಾರಿ ತಪ್ಪಿದರೆ ಒಂದು ಉಪಾಯವಿದೆ. ಬಾಗಿಲಿನಿಂದಲೇ ಬಲಗೈಯನ್ನು ಜೋಳದ ಗೋಡೆಗೆ ತಾಗಿಸಿಕೊಂಡು, ಕೈ ಬಿಡದೆ ನಡೆಯುತ್ತಾ ಹೋಗಿ. ಹೊತ್ತು ಹಿಡಿದರೂ ಹೊರಗಿನ ದಾರಿಗೆ, ಇಲ್ಲವೇ ಹೊರಟ ಜಾಗಕ್ಕೆ ಬಂದು ಸೇರುತ್ತೀರಿ. ನಡೆಯಲಾಗದ ಹಿರಿಯರನ್ನು ಹೊರಬರುವ ಬಾಗಿಲಲ್ಲಿ ಕೂರಿಸಿ. ಒಳಗಿನಿಂದ ಮಗಳು "ತಾತಾ" ಎಂದು ಕೂಗುವುದು, ಹೊರಗಿನಿಂದ ಮಾವ "ಇಲ್ಲೇ ಇದೀನಿ ಮಗಾ, ಬಾ" ಎನ್ನುವುದು. ಆ ದನಿ ಹಿಡಿದುಕೊಂಡೇ ಅವಳು ಹೊರಗೆ ಬಂದಳು. ನನಗೆ ನಕ್ಷೆ ಬೇಕಾಗಲೇ ಇಲ್ಲ.

ತೆನೆ ಕಂಡು ಕೆಂಡದಲ್ಲಿ ಸುಟ್ಟು ತಿನ್ನೋಣ ಅನ್ನಿಸುವುದು ಸಹಜ. ಕೀಳಬೇಡಿ. ಹೀಗೆ ಎತ್ತರ ಬೆಳೆಸುವುದು ಹೆಚ್ಚಾಗಿ ದನಕರುಗಳ ಮೇವಿನ ಜೋಳ. ಅಕ್ಟೋಬರ್ ವೇಳೆಗೆ ಕಾಳು ಕಲ್ಲಿನಂತಾಗಿರುತ್ತದೆ.

ಆಡು-ಕುರಿ ಮುಟ್ಟಿದ ಮೇಲೆ ಸೋಪು, ನೀರಿನಲ್ಲಿ ಕೈ ತೊಳೆಸಿ. ಬರೀ ಸ್ಯಾನಿಟೈಸರ್ ಸಾಲದು. ಪ್ರಾಣಿಗಳಿಂದ ಬರುವ ಇ-ಕೋಲಿಯಂಥ ಸೋಂಕು ಐದು ವರ್ಷದೊಳಗಿನ ಮಕ್ಕಳಿಗೆ ಜಾಸ್ತಿ ಅಪಾಯ. ತಿಂಡಿ, ಹಾಲಿನ ಬಾಟಲಿ ಆ ಬೇಲಿಯೊಳಗೆ ಒಯ್ಯಲೇಬೇಡಿ.

ಕಾಯಿ ಆರಿಸುವುದು

ಕೊನೆಗೆ ಕುಂಬಳ. ಮೊದಲೇ ಕೊಂಡರೆ ದಿನವಿಡೀ ಹೊರಬೇಕು. ಮಾವ ಹೇಳಿಕೊಟ್ಟ ಪರೀಕ್ಷೆ ಇದು. ಸಿಪ್ಪೆಗೆ ಹೆಬ್ಬೆರಳಿನ ಉಗುರು ಒತ್ತಿ, ಇಳಿಯದಿದ್ದರೆ ಬಲಿತಿದೆ. ತಲೆಕೆಳಗು ಮಾಡಿ ತಳವನ್ನು ಅಮುಕಿ, ಮೆತ್ತಗಿದ್ದರೆ ಬಿಟ್ಟುಬಿಡಿ. ತೊಟ್ಟು ಗಟ್ಟಿಯಾಗಿರಲಿ. ಆದರೆ ತೊಟ್ಟು ಹಿಡಿದು ಎತ್ತಬೇಡಿ. ಮುರಿದರೆ ಕಾಯಿ ಕಾಲಿನ ಮೇಲೆ ಬೀಳುತ್ತದೆ, ಮುರಿದ ಕಡೆಯಿಂದಲೇ ಕೊಳೆಯಲು ಶುರುವಾಗುತ್ತದೆ. ಎರಡೂ ಕೈ ಕೆಳಗೆ ಕೊಟ್ಟು ಎತ್ತಿ.

ಮಾವ ಹಾಗೇ ಎತ್ತಿ ಹೆಗಲ ಮೇಲಿಟ್ಟುಕೊಂಡರು. ಮಗಳು ಅವರ ಹೆಗಲು ತಡವಿ ನೋಡಿ, "ಬೂದಿ ಎಲ್ಲಿ ತಾತ?" ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಅತ್ತೆ ಕಾರಿನಲ್ಲಿ ಹೇಳಿದ್ದರು. ಅದು ಬೂದುಗುಂಬಳದ ಮಾತು ಪುಟ್ಟಿ ಎಂದರು ಮಾವ. ಮನೆಗೆ ಬಂದ ಮೇಲೆ ಪೂಜೆಗೆ ತಂದಿದ್ದ ಬೂದುಗುಂಬಳದ ಮೇಲೆ ಅವಳ ಅಂಗೈ ಸವರಿಸಿದರು. ಬೆಳ್ಳಗೆ ಬೂದಿ ಹತ್ತಿತು. ಗಾದೆ ಅವಳಿಗೆ ಅರ್ಥವಾಯಿತು.

ಅಡುಗೆಗೆ ಬೇಕಾದ ಕಾಯಿ ಬೇರೆ. ಮುಖ ಕೊರೆಯಲು ಮಾರುವ ದೊಡ್ಡ ಕೇಸರಿ ಕಾಯಿ ನೀರುನೀರು, ನಾರು ಜಾಸ್ತಿ, ರುಚಿ ಕಡಿಮೆ. ಹುಳಿ, ಪಲ್ಯಕ್ಕೆ ಬಟರ್‌ನಟ್ ಸ್ಕ್ವಾಷ್ ಕೊಳ್ಳಿ. ನಮ್ಮೂರಿನ ಸಿಹಿಗುಂಬಳ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಚಂದನ್ ತಳಿ, ಈ ಬಟರ್‌ನಟ್ ಎಲ್ಲ ಒಂದೇ ಪ್ರಭೇದಕ್ಕೆ ಸೇರಿದವು. ಆಕಾರ ಬೇರೆ, ಹುಳಿಗೆ ಹಾಕಿದರೆ ಗೊತ್ತೇ ಆಗುವುದಿಲ್ಲ.

ಮನೆಗೆ ತಂದ ಮೇಲೆ

ಇಡೀ ಕಾಯಿಯನ್ನು ತಂಪಾದ ಜಾಗದಲ್ಲಿ ರಟ್ಟಿನ ಮೇಲಿಟ್ಟರೆ ವಾರಗಟ್ಟಲೆ ಇರುತ್ತದೆ. ಮುಖ ಕೊರೆದರೆ ಕೆಲವೇ ದಿನ. ಹಾಗಾಗಿ ಹ್ಯಾಲೋವೀನ್‌ಗೆ ಎರಡು ಮೂರು ದಿನ ಇದ್ದಾಗ ಕೊರೆಯಿರಿ. ಮಕ್ಕಳು ಬಣ್ಣದ ಪೆನ್ನಿನಲ್ಲಿ ಮುಖ ಬರೆಯಲಿ, ಚಾಕು ದೊಡ್ಡವರ ಕೈಯಲ್ಲಿರಲಿ. ನಮ್ಮ ಮನೆಯಲ್ಲಿ ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಚಾಕು ಹಾಕುವ ರೂಢಿ ಇಲ್ಲ. ಅತ್ತೆ ಮಾವನನ್ನು ಕರೆದರು, ಮಾವ ಒಂದು ಗೀಟು ಹಾಕಿ ಕೊಟ್ಟರು, ಉಳಿದದ್ದನ್ನು ನಾವು ಕೊರೆದೆವು. ಹಬ್ಬ ಮುಗಿದ ಮೇಲೆ ಮೇಣದಬತ್ತಿ ತೆಗೆದು, ಕಾಯಿಯನ್ನು ಹಸಿರು ಬುಟ್ಟಿಗೆ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹಸಿ ಕಸ ಬೇರೆ ಹಾಕುವ ಕಾನೂನಿದೆ, ಅದು ಗೊಬ್ಬರವಾಗುತ್ತದೆ.

ಒಳಗಿನ ಬೀಜ ಎಸೆಯಬೇಡಿ. ತೊಳೆದು ಒರೆಸಿ, ಎಣ್ಣೆ, ಉಪ್ಪು, ಖಾರದಪುಡಿ ಸವರಿ ಓವನ್‌ನಲ್ಲಿ ಗರಿಗರಿಯಾಗುವಷ್ಟು ಹುರಿದರೆ ಸಂಜೆ ಕಾಫಿಗೆ ಚೆನ್ನ. ಮಾವ ಒಂದು ಹಿಡಿ ಬೀಜ ಒಣಗಿಸಿ, ಊರಿಗೆ ಒಯ್ಯಲು ಪೊಟ್ಟಣ ಕಟ್ಟಿಟ್ಟಿದ್ದರು. ಇದನ್ನು ಮಾಡಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜವನ್ನು ಭಾರತಕ್ಕೆ ತರುವ ಹಾಗಿಲ್ಲ. ಹೇಳಿದ ಮೇಲೆ ಅವರು ಪೊಟ್ಟಣವನ್ನು ಮೊಮ್ಮಗಳ ಕೈಗೆ ಕೊಟ್ಟರು. ಮೇ ತಿಂಗಳ ಕೊನೆಯಲ್ಲಿ, ಮಣ್ಣು ಬಿಸಿಯಾದ ಮೇಲೆ ಬಿತ್ತು, ನೂರು-ನೂರಿಪ್ಪತ್ತು ದಿನಕ್ಕೆ ಕಾಯಿ ಬಲಿಯುತ್ತದೆ, ಸೆಪ್ಟೆಂಬರ್ ಕೊನೆಗೆ ಸರಿಹೋಗುತ್ತದೆ ಎಂದು ಬೆರಳು ಮಡಚಿ ಲೆಕ್ಕ ಹೇಳಿಕೊಟ್ಟರು. ಹಿತ್ತಿಲಿನ ಬೇಲಿ ಪಕ್ಕ ನಾಲ್ಕು ಬೀಜ ಹಾಕಿದೆವು, ಮೂರು ಹುಟ್ಟಿದವು. ಆಮೇಲೆ ಪ್ರತಿ ಭಾನುವಾರ ಚನ್ನರಾಯಪಟ್ಟಣದಿಂದ ಫೋನ್ ಬಂದಾಗ ಮೊದಲ ಪ್ರಶ್ನೆ ಒಂದೇ: "ಬರೀ ಗಂಡುಹೂವೇನಾ ಪುಟ್ಟಿ, ಹೆಣ್ಣುಹೂವೂ ಬಂತಾ?"