ದೇಣಿಗೆ ಕೇಳುವುದು ಬಿಟ್ಟೆ, ಸೇವಾರ್ಥದ ರಸೀದಿ ಹರಿದುಕೊಟ್ಟೆ

ಆಕಾಶವಾಣಿಯ ಶಾಸ್ತ್ರೀಯ ಸಂಗೀತ ವಾಹಿನಿ ರಾಗಂ 2016ರಿಂದ ಇಪ್ಪತ್ನಾಲ್ಕು ಗಂಟೆ ಹಾಡ್ತಾ ಇದೆ, ಯೂಟ್ಯೂಬಲ್ಲಿ ಎಲ್ಲ ಬಿಟ್ಟಿ ಸಿಗುತ್ತೆ, ಹಳೆಯ ಕಛೇರಿ ಹಾಕುವ ನಿನ್ನ ಇಂಟರ್ನೆಟ್ ರೇಡಿಯೊಗೆ ಯಾರಯ್ಯ ಕಾಸು ಬಿಚ್ಚುತ್ತಾರೆ ಎಂದು ಮೈಸೂರಿನ ಸಭೆಗಳಲ್ಲಿ ನನಗೆ ಹೇಳದವರಿಲ್ಲ. ಈಗ ಎರಡು ವರ್ಷದಿಂದ ನನ್ನ ಜೇಬಿನ ಒಂದು ಪೈಸೆಯೂ ಇಲ್ಲದೆ ಸ್ಟ್ರೀಮ್ ನಡೆಯುತ್ತಿದೆ. ಹೇಗೆ ಅಂತ ಕೇಳಿ ಫೋನುಗಳು ಬರುತ್ತಿವೆ, ಅದಕ್ಕೇ ಈ ಬರಹ. ಸರ್ವರ್, ಐಸ್‌ಕಾಸ್ಟ್ ಎಂಬ ಸ್ಟ್ರೀಮ್ ಹರಿಸುವ ತಂತ್ರಾಂಶ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ.

ಸಮುದಾಯ ಬಾನುಲಿ ಲೈಸೆನ್ಸ್ ಯಾಕೆ ತಗೊಳ್ಳಲಿಲ್ಲ ಅಂತ ಕೆಲವರು ಕೇಳುತ್ತಾರೆ. 100 ವ್ಯಾಟಿನ ಪ್ರಸಾರ ಊರಿನ ಅಂಚು ದಾಟಿದರೆ ಹೆಚ್ಚು. ಅರ್ಧದಷ್ಟು ಕಾರ್ಯಕ್ರಮವನ್ನು ಸ್ಥಳೀಯರೇ ಸೇರಿ ತಯಾರಿಸಬೇಕು ಎಂಬ ನಿಯಮವೂ ಇದೆ. ಹಳೆಯ ಗ್ರಾಮಫೋನ್ ಪ್ಲೇಟುಗಳ ಕಛೇರಿ ಕೇಳುವವರು ಒಂದು ಬಡಾವಣೆಗೆ ಹತ್ತು ಮನೆ, ಅಷ್ಟೆ. ಅವರು ಧಾರವಾಡದಲ್ಲಿದ್ದಾರೆ, ಮಲ್ಲೇಶ್ವರದಲ್ಲಿದ್ದಾರೆ, ನ್ಯೂಜೆರ್ಸಿಯಲ್ಲೂ ಇದ್ದಾರೆ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಊರಲ್ಲಿ ಮನೆಯಿಂದಲೇ ಪ್ರಸಾರ ಶುರುಮಾಡಿದ್ದನ್ನು ನೆನೆದು ನಾನೂ ಮನೆಯ ಮಹಡಿಯಲ್ಲೇ ಕೂತೆ.

ದುಡ್ಡಿನ ಕಥೆಗೆ ಬರೋಣ. 64 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 64 ಕಿಲೋಬಿಟ್) ನೂರು ಜನ ಸತತವಾಗಿ ಕೇಳಿದರೆ ತಿಂಗಳಿಗೆ ಎರಡು ಟೆರಾಬೈಟ್ ಡೇಟಾ ಹರಿಯುತ್ತದೆ. ಸರ್ವರ್, ಕರೆಂಟು, ಎಡಿಟಿಂಗ್ ಹುಡುಗನ ಸಂಬಳ, ಪ್ಲೇಟು ಖರೀದಿ ಎಲ್ಲ ಸೇರಿ ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ. ಮೊದಲ ವರ್ಷ ಗಂಟೆಗೊಮ್ಮೆ ದೇಣಿಗೆಗೆ ಮನವಿ ಹಾಕಿದೆ, ಸಭೆಗಳ ಬಾಗಿಲಲ್ಲಿ ಕ್ಯೂಆರ್ ಕೋಡ್ ಅಂಟಿಸಿದೆ. ವರ್ಷಕ್ಕೆ ಬಂದದ್ದು ಪ್ಲೇಟು ನುಡಿಸುವ ಒಂದು ಸೂಜಿಗೂ (ಸ್ಟೈಲಸ್) ಸಾಲದಷ್ಟು. ಆಮೇಲೆ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಸದಸ್ಯತ್ವ ಇಟ್ಟೆ. ನಲವತ್ತು ಜನರಿದ್ದರೇನೋ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು, ಹಳೆಯ ಒಪ್ಪಿಗೆಗಳೆಲ್ಲ ಬಿದ್ದುಹೋದವು, ಮತ್ತೆ ಒಪ್ಪಿಗೆ ಕೊಡಿ ಎಂದರೆ ಅರ್ಧ ಜನ ತಲೆಕೆಡಿಸಿಕೊಳ್ಳಲಿಲ್ಲ. ಒಬ್ಬ ಪ್ರಾಯೋಜಕರು ಮೂರು ತಿಂಗಳು ಕೊಟ್ಟು, ನಾಲ್ಕನೆಯ ತಿಂಗಳು ನಮ್ಮ ಅಂಗಡಿಯ ಜಿಂಗಲ್ಲನ್ನು ಆಲಾಪನೆಯ ನಡುವೆ ಹಾಕಿ ಅಂದರು. ಕೈಮುಗಿದೆ.

ಬೆಂಗಳೂರು ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು 1939ರಿಂದ ನಡೆದುಬಂದಿವೆ. ನಮ್ಮ ಜನಕ್ಕೆ ಸಂಗೀತಕ್ಕೆ ದುಡ್ಡು ಕೊಡುವ ಅಭ್ಯಾಸ ಇಲ್ಲ ಅನ್ನುವುದು ಸುಳ್ಳು. ಆದರೆ ಅವರು ‘ಸಂಸ್ಥೆ’ಗೆ ಕೊಡುವುದಿಲ್ಲ, ಒಂದು ದಿನಕ್ಕೆ, ಒಂದು ಹೆಸರಿಗೆ ಕೊಡುತ್ತಾರೆ. ದೇವಸ್ಥಾನದಲ್ಲಿ ಕಟ್ಟಡ ನಿಧಿಯ ಹುಂಡಿ ಖಾಲಿಯಿದ್ದರೂ ಕುಂಕುಮಾರ್ಚನೆ ಕೌಂಟರಿನಲ್ಲಿ ಸಾಲು ಇರುತ್ತದಲ್ಲ, ಅದೇ ಲೆಕ್ಕ. ಹಾಗಾಗಿ ದೇಣಿಗೆ ಎಂಬ ಮಾತನ್ನೇ ತೆಗೆದೆ. ಸೇವಾರ್ಥ ಅಂದೆ: ಒಂದು ಗಂಟೆಗೆ 501 ರೂಪಾಯಿ, ಇಡೀ ದಿನಕ್ಕೆ 5,001. ಗಂಟೆಯ ಆರಂಭದಲ್ಲಿ ಒಂದೇ ವಾಕ್ಯ: ಈ ಗಂಟೆಯ ಸಂಗೀತ ಇಂಥವರ ಸ್ಮರಣಾರ್ಥ, ಸೇವಾಕರ್ತರು ಇಂಥವರು. ಹೆಸರು ಮಾತ್ರ, ವ್ಯಾಪಾರದ ಮಾತಿಲ್ಲ. ಹಾಗಿದ್ದರೆ ನಮ್ಮಂಥ ದತ್ತಿ ಟ್ರಸ್ಟಿಗೆ ಜಿಎಸ್‌ಟಿ ತಂಟೆಯೂ ಇಲ್ಲ ಅಂತ ನಮ್ಮ ಆಡಿಟರ್ 2019ರ ಸುತ್ತೋಲೆ ತೋರಿಸಿದರು. ರಸೀದಿ ಅಂಚೆಯಲ್ಲೇ ಕಳಿಸುತ್ತೇನೆ, ಅಚ್ಚು ಹಾಕಿಸಿದ್ದು. ವಾಟ್ಸಾಪಲ್ಲಿ ಕಳಿಸಿದರೆ ಸಾಲದೇ ಎಂದವರು ಇದ್ದಾರೆ. ಸಾಲದು. ಆ ರಸೀದಿಯನ್ನು ದೇವರಮನೆಯಲ್ಲಿ ಇಡುವವರು ಮುಂದಿನ ವರ್ಷ ಅದೇ ತಿಥಿಗೆ ತಾವೇ ಫೋನ್ ಮಾಡುತ್ತಾರೆ. ತಿಥಿ ಹತ್ತಿರವಾದಾಗ ನಾನು ನೆನಪಿಸುವ ರೀತಿ ಒಂದಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಈಗ ತಿಂಗಳಿಗೆ ಐವತ್ತು ಗಂಟೆಗಳ ಆಸುಪಾಸು ಹೋಗುತ್ತದೆ. ಪಿತೃಪಕ್ಷದಲ್ಲಿ ಜಾಗವೇ ಇರುವುದಿಲ್ಲ, ಆಷಾಢದಲ್ಲಿ ನೊಣ ಹೊಡೆಯುತ್ತೇನೆ.

ಅಮೆರಿಕದಲ್ಲಿರುವವರ ವಿಷಯದಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಪೌರತ್ವ ಬದಲಿಸಿದವರ ದುಡ್ಡು ವಿದೇಶಿ ದೇಣಿಗೆಯಾಗುತ್ತದೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಮುಟ್ಟಬಾರದು. ಅಂಥವರನ್ನು ವಿನಯದಿಂದಲೇ ವಾಪಸ್ ಕಳಿಸಿದ್ದೇನೆ, ದೊಡ್ಡ ಮೊತ್ತಗಳನ್ನೂ.

ಅಮೆರಿಕದ ಕೇಳುಗರಿಗಾಗಿ ಒಂದು ಪ್ರಯೋಗ ಮಾಡಿದೆ. ಇಲ್ಲಿನ ಬೆಳಗಿನ ಭೂಪಾಳ ಅವರಿಗೆ ಸಂಜೆ ಊಟದ ಹೊತ್ತಿಗೆ ಕೇಳುತ್ತಿತ್ತು. ಅದೇ ಪಟ್ಟಿಯನ್ನು ಹನ್ನೆರಡು ಗಂಟೆ ತಡವಾಗಿ ಇನ್ನೊಂದು ಸ್ಟ್ರೀಮಿನಲ್ಲಿ ಬಿಟ್ಟೆ. ಅಲ್ಲಿರುವ ಧಾರವಾಡದ ಕಡೆಯ ಹಿಂದೂಸ್ತಾನಿ ರಸಿಕರಿಗೆ ಖುಷಿಯೋ ಖುಷಿ, ಅವರಿಗೆ ಮುಂಜಾನೆಯ ರಾಗ ಲಲತ್ ಸಂಜೆ ಬಂದರೆ ಊಟ ಸೇರುವುದಿಲ್ಲ. ಕರ್ನಾಟಕ ಸಂಗೀತದ ಕಡೆಯವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಖರ್ಚು ಹೆಚ್ಚೇನಿಲ್ಲ, ಇಟ್ಟುಕೊಂಡಿದ್ದೇನೆ.

ಹಾಡುಗಳ ಹಕ್ಕಿನ ಬಗ್ಗೆ ಎಲ್ಲರಿಗೂ ಭಯ. ನಾನು ಹಾಕುವುದು ಬಿಡುಗಡೆಯಾಗಿ 60 ವರ್ಷ ದಾಟಿದ ಮುದ್ರಿಕೆಗಳನ್ನು ಮಾತ್ರ. 1964ರ ಪ್ಲೇಟು 2025ರ ಜನವರಿ ಒಂದಕ್ಕೆ ಮುಕ್ತವಾಯಿತು. ಅದರ ಜೊತೆಗೆ ಊರಿನ ವಿದ್ವಾಂಸರು ಬರೆದುಕೊಟ್ಟ ಒಪ್ಪಿಗೆಯ ಕಛೇರಿಗಳು. ರಚನೆ ತ್ಯಾಗರಾಜರದೋ ದಾಸರದೋ ಆದರೆ ಸರಿ, ಇತ್ತೀಚಿನ ವಾಗ್ಗೇಯಕಾರರದಾದರೆ ಬೇರೆ ಲೆಕ್ಕ.

ಇನ್ನು ಪ್ಲೇಟುಗಳು. ಒಂದು ಮುಖಕ್ಕೆ ಮೂರೂವರೆ ನಿಮಿಷ, ಆಮೇಲೆ ಇನ್ನೊಬ್ಬರ ಶ್ರುತಿ. ಒಂದು ಮನೆಯ (ಶ್ರುತಿ ಎಣಿಸುವ ಹಾರ್ಮೋನಿಯಂ ಮನೆ) ಗಂಡು ಕಂಠದ ಹಿಂದೆಯೇ ಐದೂವರೆ ಮನೆಯ ಹೆಣ್ಣು ಕಂಠದ ಶ್ರುತಿ ಬಂದರೆ ಕಿವಿಗೆ ಹೊಡೆದಂತಾಗುತ್ತದೆ. ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಡನೆ ಬೆರೆಸುವ ಸಾಫ್ಟ್‌ವೇರಿನ ಕ್ರಾಸ್‌ಫೇಡ್ ಇದನ್ನು ಇನ್ನೂ ಕೆಡಿಸುತ್ತದೆ, ಮೌನ ಕಂಡರೆ ಮುಂದಕ್ಕೆ ಹಾರುವ ಸೌಲಭ್ಯವಂತೂ ವಿಳಂಬದ ಆಲಾಪವನ್ನೇ ನುಂಗುತ್ತದೆ. ಎರಡನ್ನೂ ಬಂದ್ ಮಾಡಿ, ಮಧ್ಯೆ ಹನ್ನೆರಡು ಸೆಕೆಂಡು ತಂಬೂರಿ ಇಟ್ಟೆ, ಮುಂದಿನ ಹಾಡಿನ ಶ್ರುತಿಯದ್ದು. ಪ್ಲೇಟಿನ ವೇಗ ನಿಮಿಷಕ್ಕೆ 78 ಸುತ್ತು ಅಂತ ಬರೆದಿದ್ದರೂ ನಂಬಬೇಡಿ. ಹಳೆಯವು ಆಚೀಚೆ ಇರುತ್ತವೆ, ಗಂಗೂಬಾಯಿ ಹಾನಗಲ್ಲರ ಎಳೆಯ ಕಂಠ ಇನ್ನೂ ಎಳೆಯದಾಗಿ ಕೇಳಿದರೆ ಆಶ್ಚರ್ಯವಿಲ್ಲ. ಸರಿಯಾದ ವೇಗದ ಸುಳಿವು ಪ್ಲೇಟಿನೊಳಗೇ ಇರುತ್ತದೆ. ಬೇಕಾದವರು ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ತೋರಿಸುತ್ತೇನೆ, ಬರವಣಿಗೆಯಲ್ಲಿ ಇಲ್ಲ.

ಸೇವಾಕರ್ತರಿಗೆ ರಾಗ ಆರಿಸುವ ಹಕ್ಕಿದೆ, ಗಾಯಕರನ್ನು ಆರಿಸುವ ಹಕ್ಕಿಲ್ಲ. ಇದನ್ನು ಸಡಿಲಿಸಿದರೆ ದಿನವಿಡೀ ಇಬ್ಬರು ಮೂವರ ಹಾಡೇ ಆಗುತ್ತದೆ. ಬೆಳಗಿನ ಆರರಿಂದ ಎಂಟರ ಗಂಟೆಗಳಿಗೆ ಪೈಪೋಟಿ ಜಾಸ್ತಿಯಾಗಿದೆ, ಅವುಗಳಿಗೆ 1,001 ಮಾಡೋಣ ಅಂತ ನಾನು, ಬೇಡ ಅಂತ ಟ್ರಸ್ಟಿನ ಹಿರಿಯರಿಬ್ಬರು. ಯುಗಾದಿಯ ಹೊತ್ತಿಗೆ ತೀರ್ಮಾನವಾಗಬಹುದು.