ಮೊದಲು ಗದ್ದಲ ಅಳೆಯಿರಿ, ಸಿಗ್ನಲ್ ಆಮೇಲೆ

ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಅಗ್ಗದ ರೇಡಿಯೋ ರಿಸೀವರ್), ಮುಕ್ಕಾಲು ಮೀಟರ್ ತಂತಿ, ಒಂದು ಲ್ಯಾಪ್‌ಟಾಪ್. ಮಂಗಳೂರಿನ ನಿಮ್ಮ ಮನೆಯ ತಾರಸಿಗೆ ಬರುವ ಎಫ್‌ಎಂ ಸಿಗ್ನಲ್ ಎಷ್ಟು ಗಟ್ಟಿ ಉಂಟು, ನಿಮ್ಮ ರಿಸೀವರ್ ಎಷ್ಟು ಸುಳ್ಳು ಹೇಳುತ್ತದೆ ಎಂದು ಅಂದಾಜು ಮಾಡಲು ಇಷ್ಟು ಸಾಕು.

ಮೊದಲು ಆಟೋಮ್ಯಾಟಿಕ್ ಗೇನ್ ಆಫ್ ಮಾಡಿ. ಗೇನ್ ಅಂದರೆ ರಿಸೀವರ್ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ. ಅದು ಆನ್ ಇದ್ದರೆ ಸಿಗ್ನಲ್ ಏರಿದಾಗ ಗೇನ್ ಇಳಿಯುತ್ತದೆ, ಹೋಲಿಸಲು ಏನೂ ಉಳಿಯುವುದಿಲ್ಲ. ಕೈಯಲ್ಲೇ ಗೇನ್ ಏರಿಸುತ್ತಾ ಹೋಗಿ, ಆಂಟೆನಾ (ಅದೇ ತಂತಿ) ಹಾಕಿದಾಗ ತಳದ ಗದ್ದಲ, ಅಂದರೆ ಸ್ಟೇಷನ್ ಇಲ್ಲದ ಕಡೆಯೂ ಪರದೆಯಲ್ಲಿ ಕಾಣುವ ಕೆಳಗಿನ ಗೆರೆ, ತುಸು ಮೇಲೇಳುವಲ್ಲಿಗೆ ನಿಲ್ಲಿಸಿ. ಡಾಂಗಲ್ ಬರೀ 8 ಬಿಟ್‌ನದು (ಸಿಗ್ನಲನ್ನು 256 ಮೆಟ್ಟಿಲುಗಳಲ್ಲಷ್ಟೇ ಅಳೆಯುತ್ತದೆ), ಜಾಸ್ತಿ ಏರಿಸಿದರೆ ಇಲ್ಲದ ಸ್ಟೇಷನ್‌ಗಳೂ ಕಾಣಿಸುತ್ತವೆ. ಅನುಮಾನ ಬಂದರೆ ಗೇನ್ 10 ಡಿಬಿ (ಡೆಸಿಬೆಲ್; 10 ಡಿಬಿ ಇಳಿದರೆ ಪವರ್ ಹತ್ತನೇ ಒಂದು) ಇಳಿಸಿ ನೋಡಿ: ನಿಜವಾದ ಸಿಗ್ನಲ್ ಅಷ್ಟೇ ಇಳಿಯುತ್ತದೆ, ಸುಳ್ಳಿನದು ಧಡಕ್ಕನೆ ಕುಸಿಯುತ್ತದೆ.

ಇನ್ನು ಗದ್ದಲ. ಆಂಟೆನಾ ಕಿತ್ತು ಅಳೆಯಬೇಡಿ ಮಾರಾಯ್ರೇ, ಪಕ್ಕದ ಮನೆಯ ಇನ್ವರ್ಟರ್, ಎಲ್‌ಇಡಿ ಬಲ್ಬುಗಳ ಕಿರಿಕಿರಿಯೂ ಲೆಕ್ಕಕ್ಕೆ ಬರಬೇಕಲ್ವಾ? ಸ್ಟೇಷನ್ ಇಲ್ಲದ ಜಾಗ ಹುಡುಕಿ 200 ಕಿಲೋಹರ್ಟ್ಸ್ ಅಗಲದಲ್ಲಿ ಒಟ್ಟು ಪವರ್ ನೋಡಿ. ಒಂದೇ ಸಲದ ಅಂಕಿ ಕುಣಿಯುತ್ತಿರುತ್ತದೆ. ನೂರು ಸಲದ ಸರಾಸರಿ ತೆಗೆದರೆ ಕುಣಿತ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಸರಾಸರಿ ಪವರ್‌ನದಾಗಿರಲಿ. ಪರದೆಯ ಗೆರೆಯ ಒಂದೊಂದು ಬಿಂದುವಿನ ಡಿಬಿ ಅಂಕಿಗಳನ್ನೇ ಕೂಡಿ ಭಾಗಿಸಿದರೆ ಗದ್ದಲ ಸುಮಾರು 2.5 ಡಿಬಿ ಕಡಿಮೆ ಕಾಣಿಸುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಈಗ ಅದೇ ಅಗಲದಲ್ಲಿ ಸ್ಟೇಷನ್ ಅಳೆಯಿರಿ. ನೆನಪಿರಲಿ, ನಿಮಗೆ ಸಿಕ್ಕಿದ್ದು ಸಿಗ್ನಲ್ ಅಲ್ಲ, ಸಿಗ್ನಲ್ ಮತ್ತು ಗದ್ದಲ ಎರಡೂ ಸೇರಿದ್ದು. ಗದ್ದಲವನ್ನು ಕಳೆಯಲೇಬೇಕು, ಅದೂ ಡಿಬಿಯಲ್ಲಲ್ಲ, ಪವರ್‌ನಲ್ಲಿ. ಅಳೆದದ್ದು ಗದ್ದಲಕ್ಕಿಂತ 10 ಡಿಬಿ ಮೇಲಿದ್ದರೆ ನಿಜವಾದ ಅಂತರ 9.5, ಅಷ್ಟೇನೂ ವ್ಯತ್ಯಾಸವಿಲ್ಲ. 3 ಡಿಬಿ ಮೇಲಿದ್ದರೆ? ನಿಜವಾದ ಅಂತರ ಸೊನ್ನೆ, ಅಂದರೆ ಸಿಗ್ನಲ್ ಗದ್ದಲದಷ್ಟೇ ಇದೆ. ಮಣಿಪಾಲದ ಸಮುದಾಯ ಬಾನುಲಿ 90.4ರಂಥ ಸಣ್ಣ ಸ್ಟೇಷನ್‌ನಿಂದ ದೂರ ಹೋಗಿ ಅಳೆಯುವವರಿಗೆ ಈ ಕಳೆಯುವ ಲೆಕ್ಕ ಬಹಳ ಮುಖ್ಯ.

ಕೊನೆಗೆ ಫ್ರೀಕ್ವೆನ್ಸಿಯ ತಪ್ಪು, ಅಂದರೆ ಸ್ಟೇಷನ್ ತನ್ನ ಜಾಗದಿಂದ ಎಷ್ಟು ಸರಿದು ಕಾಣಿಸುತ್ತದೆ ಎಂಬುದು. ಎಫ್‌ಎಂನಲ್ಲಿ ಅತಿ ಎತ್ತರದ ಮೊನೆ ನೋಡಿ ಹೇಳಲಾಗದು, ಅದು ಧ್ವನಿಯ ಜೊತೆ 75 ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಓಡುತ್ತದೆ. ಅದರ ಬದಲು ಡಿಮಾಡ್ಯುಲೇಟ್ ಮಾಡಿ (ಆ ಓಡಾಟವನ್ನೇ ಅಂಕಿಗಳಾಗಿ ಬಿಡಿಸಿ), ಕೆಲವು ನಿಮಿಷಗಳ ಸರಾಸರಿ ತೆಗೆಯಿರಿ. ಮಾತು, ಹಾಡು ಎಲ್ಲ ಸರಾಸರಿಯಲ್ಲಿ ಸೊನ್ನೆಯಾಗಿ ತಪ್ಪು ಮಾತ್ರ ಉಳಿಯುತ್ತದೆ. ಮಂಗಳೂರು ಆಕಾಶವಾಣಿಯ 100.3 ಮೆಗಾಹರ್ಟ್ಸ್‌ನಲ್ಲಿ 3,000 ಹರ್ಟ್ಸ್ ಉಳಿಯಿತು ಅನ್ನಿ, ಸುಮಾರು 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಪಾಲು) ತಪ್ಪು. ಅಗ್ಗದ ಡಾಂಗಲ್‌ಗಳಿಗೆ ಇದು ಮಾಮೂಲು. ಅಳೆಯುವ ಮುಂಚೆ ಅರ್ಧ ಗಂಟೆ ಓಡಿಸಿ ಬಿಸಿಯಾಗಲು ಬಿಡಿ, ತಣ್ಣಗಿದ್ದಾಗಿನ ಅಂಕಿ ಆಮೇಲೆ ಸರಿಯುತ್ತದೆ.

ಆದರೆ ಎಫ್‌ಎಂ ಸ್ಟೇಷನ್‌ಗೂ 2,000 ಹರ್ಟ್ಸ್‌ವರೆಗೆ ತಪ್ಪಲು ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. ತಪ್ಪು ಯಾರದು? ತಿಳಿಯಲು 2ಜಿ ಮೊಬೈಲ್ ಟವರ್ ಹಿಡಿಯಿರಿ. ಅದರ ಫ್ರೀಕ್ವೆನ್ಸಿ 0.05 ಪಿಪಿಎಂ ಒಳಗೇ ಇರಬೇಕು. ಕ್ಯಾಲಿಬ್ರೇಟ್ (kalibrate-rtl) ಎಂಬ ಉಚಿತ ಪ್ರೋಗ್ರಾಂ ಟವರ್ ಹುಡುಕಿ ನಿಮ್ಮ ಡಾಂಗಲ್‌ನ ಪಿಪಿಎಂ ಹೇಳುತ್ತದೆ. ಅದನ್ನು ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲಿ ಹಾಕಿ, 100.3 ಇನ್ನೊಮ್ಮೆ ಅಳೆಯಿರಿ. ಈಗ ಉಳಿಯುವುದು ಸ್ಟೇಷನ್‌ನದು.