ಬೈಕಿನಿಂದ ಬಿದ್ದು ಆದ ಸಣ್ಣ ಗಾಯ: ಮೊದಲು ನೀರು, ಆಮೇಲೆ ಮದ್ದು

ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಪಾಳಿ ಬಿಟ್ಟ ಹೊತ್ತಿನ ನೂಕುನುಗ್ಗಲಿನಲ್ಲಾಗಲಿ, ಲಾರಿಯಿಂದ ಉದುರಿದ ಎಂ-ಸ್ಯಾಂಡ್ ಹರಡಿಕೊಂಡ ತಿರುವಿನಲ್ಲಾಗಲಿ ಬೈಕ್ ಜಾರಿ ಬಿದ್ದವರು ಸಾಮಾನ್ಯವಾಗಿ ಮೊದಲು ನೋಡುವುದು ಮುರಿದ ಕನ್ನಡಿಯನ್ನು. ಅದನ್ನು ಬಿಟ್ಟು ಮೊದಲು ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಕುತ್ತಿಗೆ ನೋಯುತ್ತಿದ್ದರೆ ಅಥವಾ ಕೈಕಾಲು ಜೋಮು ಹಿಡಿದಂತಿದ್ದರೆ ಅಲುಗಾಡದೆ, ಹೆಲ್ಮೆಟ್ ತೆಗೆಯದೆ, 108ಕ್ಕೆ ಕರೆ ಮಾಡಿಸಬೇಕು. ಅಂಥದ್ದೇನೂ ಇಲ್ಲದಿದ್ದರೆ ರಸ್ತೆಯಿಂದ ಆಚೆ ಸರಿದು ಗಾಯದ ಕಡೆ ಗಮನ ಕೊಡಬಹುದು.

ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಪದೇ ಪದೇ ಬಟ್ಟೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಹರಿಯುತ್ತದೆ. ಗಾಯದ ಅಂಚುಗಳು ಬಾಯಿ ಬಿಟ್ಟಿದ್ದರೆ ಹೊಲಿಗೆ ಬೇಕಾಗಬಹುದು, ಅದನ್ನು ಕೆಲವೇ ಗಂಟೆಗಳಲ್ಲಿ ಹಾಕಿಸುವುದು ಒಳ್ಳೆಯದು.

ತರಚು ಗಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೊಳೆಯುವುದು, ಎಲ್ಲರೂ ಅವಸರ ಮಾಡುವುದೂ ಅಲ್ಲೇ. ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡು, ನಲ್ಲಿಯ ಅಥವಾ ಬಾಟಲಿಯ ಶುದ್ಧ ನೀರನ್ನು ಐದಾರು ನಿಮಿಷವಾದರೂ ಗಾಯದ ಮೇಲೆ ಹರಿಯಬಿಡಬೇಕು. ಫ್ಲೋರೈಡ್ ಹೆಚ್ಚಿದೆಯೆಂದು ನಾವು ಕುಡಿಯದ ಕೊಳವೆಬಾವಿಯ ನೀರು ಈ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಕೆರೆಯ ನೀರು ಬೇಡವೇ ಬೇಡ, ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಈಗಿರುವುದು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಹರಿದು ಬಂದ ಸಂಸ್ಕರಿತ ಕೊಳಚೆ ನೀರು. ಚರ್ಮಕ್ಕೆ ಅಂಟಿದ ಮರಳಿನ ಕಣಗಳನ್ನು ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಬೇಕು. ಒಳಗೇ ಉಳಿದ ಕಣಗಳು ಕೀವಿಗೆ ದಾರಿಯಾಗುವುದಲ್ಲದೆ, ಗಾಯ ಮಾಗಿದ ಮೇಲೂ ಹಚ್ಚೆಯಂತೆ ನೀಲಿಗಪ್ಪು ಕಲೆಯಾಗಿ ನಿಂತುಬಿಡುತ್ತವೆ. ಒರೆಸಿದರೂ ಬಾರದ ಕಣಗಳನ್ನು ಸೂಜಿಯಿಂದ ಕೆದಕದೆ ಆಸ್ಪತ್ರೆಯಲ್ಲಿ ತೆಗೆಸಬೇಕು.

ಕಾಫಿ ಪುಡಿ, ಅರಿಸಿನ, ಸುಣ್ಣ, ಟೂತ್‌ಪೇಸ್ಟ್ ಇವನ್ನು ಮೆತ್ತಿಕೊಂಡು ಹೋದರೆ ದಾದಿಯರು ಅದನ್ನೆಲ್ಲ ಮತ್ತೆ ಉಜ್ಜಿ ತೊಳೆಯಬೇಕಾಗುತ್ತದೆ, ಆ ನೋವು ಬಿದ್ದ ನೋವಿಗಿಂತ ಹೆಚ್ಚು. ಸ್ಪಿರಿಟ್ ಕೂಡ ಹೊಸ ಚರ್ಮಕ್ಕೆ ಹಾನಿ ಮಾಡುತ್ತದೆ. ತೊಳೆದ ಮೇಲೆ ತೆಳುವಾಗಿ ಬೆಟಾಡಿನ್ ಮುಲಾಮು ಹಚ್ಚಿ, ಗಾಜ್ ಮುಚ್ಚಿ, ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಗಾಳಿಯಾಡಲಿ ಎಂದು ತೆರೆದಿಡುವುದಕ್ಕಿಂತ ಮುಚ್ಚಿಟ್ಟ ಗಾಯ ಬೇಗ ಮಾಗುತ್ತದೆ.

ರಸ್ತೆಯ ಮಣ್ಣು ತಾಗಿದ ಗಾಯವಾದ್ದರಿಂದ, ಹಿಂದಿನ ಧನುರ್ವಾಯು ಚುಚ್ಚುಮದ್ದು ಹಾಕಿಸಿ 5 ವರ್ಷ ಮೀರಿದ್ದರೆ ಅಥವಾ ಯಾವಾಗ ಹಾಕಿಸಿದ್ದೆಂಬ ನೆನಪಿಲ್ಲದಿದ್ದರೆ ಅದೇ ದಿನ ಹಾಕಿಸಿಕೊಳ್ಳಬೇಕು.

ಉಳುಕಿದ ಕಾಲಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು; ಮೊದಲ ಎರಡು ದಿನ ಎಣ್ಣೆ ತಿಕ್ಕುವುದು, ಬಿಸಿ ಶಾಖ ಎರಡೂ ಬೇಡ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ನಮ್ಮ ಕಡೆ ಪುತ್ತೂರು ಕಟ್ಟಿನ (ಮೂಳೆಗೆ ಹಾಕುವ ನಾಟಿ ಕಟ್ಟಿನ) ಮೇಲೆ ಹಲವರಿಗೆ ನಂಬಿಕೆಯಿದೆ; ಆದರೆ ಮೂಳೆ ಮುರಿದಿದೆಯೋ ಇಲ್ಲವೋ ತಿಳಿಯುವ ಮೊದಲೇ ಬಿಗಿಯಾಗಿ ಕಟ್ಟಿಸಿಕೊಂಡರೆ ಬಾವು ಏರಿ ರಕ್ತಸಂಚಾರವೇ ನಿಲ್ಲುವ ಅಪಾಯವಿದೆ.

ತಲೆಗೆ ಪೆಟ್ಟು ಬಿದ್ದಿದ್ದರೆ ಒಂದು ದಿನ ಒಂಟಿಯಾಗಿರಬಾರದು. ವಾಂತಿ, ಏರುತ್ತ ಹೋಗುವ ತಲೆನೋವು, ಅತಿಯಾದ ಮಂಪರು, ಕಿವಿ ಮೂಗಿನಿಂದ ನೀರಿನಂಥ ಸ್ರಾವ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹ್ಯಾಂಡಲ್ ಹೊಟ್ಟೆಗೆ ಗುದ್ದಿ, ಗಂಟೆಗಳ ಮೇಲೆ ನೋವು ಹೆಚ್ಚಿದರೂ ಹಾಗೆಯೇ.

ಎಸ್.ಎನ್.ಆರ್. ಜಿಲ್ಲಾಸ್ಪತ್ರೆಗೆ ಹೋಗಲಿ, ಖಾಸಗಿ ಕ್ಲಿನಿಕ್ಕಿಗೆ ಹೋಗಲಿ, ಪೊಲೀಸರ ಗೊಡವೆ ಬೇಡವೆಂದು "ಮನೆಯ ಮೆಟ್ಟಿಲ ಮೇಲೆ ಬಿದ್ದೆ" ಎಂದು ಬರೆಸಬಾರದು. ರಸ್ತೆ ಅಪಘಾತ ಎಂದರೆ ವೈದ್ಯರು ಎಂ.ಎಲ್.ಸಿ. (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುತ್ತಾರೆ; ಬೇರೆ ವಾಹನ ಗುದ್ದಿದ್ದಲ್ಲಿ ಪರಿಹಾರ ಕೇಳಲು ಆ ದಾಖಲೆಯೂ ಗಾಯದ ಪ್ರಮಾಣಪತ್ರವೂ ಬೇಕಾಗುತ್ತವೆ. ಗುದ್ದಿದ ವಾಹನದ ಚಾಲಕನು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುತ್ತದೆ. ಪರಿಹಾರದ ಅರ್ಜಿಗೆ 166ನೇ ಕಲಮಿನಲ್ಲಿ 6 ತಿಂಗಳ ಗಡುವಿರುವುದರಿಂದ ಚೀಟಿ, ಬಿಲ್ಲು, ಗಾಯದ ಫೋಟೊಗಳನ್ನು ಮೊದಲ ದಿನದಿಂದಲೇ ಒಂದೆಡೆ ಇಟ್ಟುಕೊಳ್ಳಬೇಕು.